ಕೇಳಿಸದವರೂ ಬೇಕು

ಒಂದು ಮನೆಯಲ್ಲಿ ನಾಲ್ಕು ಜನ ಇದ್ದಾರೆ ಅಂದುಕೊಳ್ಳಿ. ರಾತ್ರಿಯಾದರೆ ಅವರಲ್ಲಿ ಒಬ್ಬರಿಗೆ ಮಾತ್ರ ಗುಂಯ್ ಅನ್ನೋ ಸದ್ದು ಕೇಳುತ್ತದೆ. ದೂರದಲ್ಲಿ ಯಾರೋ ಲಾರಿ ನಿಲ್ಲಿಸಿ ಇಂಜಿನ್ ಆಫ್ ಮಾಡದೆ ಹೋದ ಹಾಗೆ. ಉಳಿದ ಮೂವರಿಗೆ ಏನೂ ಇಲ್ಲ. ಪಾಪ, ಅವರೂ ಕಿವಿಗೊಟ್ಟು ಕೇಳುತ್ತಾರೆ. ಕಿಟಕಿ ತೆಗೆದು ನೋಡುತ್ತಾರೆ. ಕೊನೆಗೆ "ಎಲ್ಲಾ ನಿನ್ನ ಭ್ರಮೆ, ಸುಮ್ನೆ ಮಲಗು" ಅಂದುಬಿಡುತ್ತಾರೆ. ಅಲ್ಲಿಂದ ಕಷ್ಟ ಎರಡಾಗುತ್ತದೆ. ನಿದ್ದೆಯೂ ಇಲ್ಲ, ನಂಬುವವರೂ ಇಲ್ಲ.

ನಮ್ಮ ಬೀದಿಯ ಹಲವು ಮನೆಗಳಲ್ಲಿ ಇದು ಒಟ್ಟಿಗೇ ನಡೆಯುತ್ತಿತ್ತು. ಆದರೆ ಒಬ್ಬರ ಸಂಕಟ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಎದುರು ಮನೆಯ ಅಜ್ಜಿ ಒಂದು ದಿನ ಗೇಟಿನ ಹತ್ತಿರ ನಿಂತು, "ನಿಮ್ಮ ಮನೇಲಿ ರಾತ್ರಿ ಹೊತ್ತು ಯಾವುದಾದ್ರೂ ಮಷೀನ್ ಓಡುತ್ತಾ?" ಅಂತ ಕೇಳಿದರು. ಪಕ್ಕದಲ್ಲೇ ಹೋಗುತ್ತಿದ್ದ ಮೂಲೆ ಮನೆಯವರು ನಿಂತುಬಿಟ್ಟರು. "ಅಜ್ಜಿ, ನಿಮಗೂ ಕೇಳುತ್ತಾ?" ಅಂದರು. ಅವರ ಮುಖದಲ್ಲಿ ಆಗ ಕಂಡ ನೆಮ್ಮದಿ ನನಗೆ ಇನ್ನೂ ನೆನಪಿದೆ. ಮೂಲ ಇನ್ನೂ ಸಿಕ್ಕಿರಲಿಲ್ಲ. ಆದರೆ ಇನ್ನೊಬ್ಬರು ಸಿಕ್ಕಿದ್ದರು.

ನನಗೆ ಆ ಸದ್ದು ಕೇಳುವುದಿಲ್ಲ. ಇವತ್ತಿಗೂ ಒಂದು ಸಲವೂ ಕೇಳಿಲ್ಲ. ಆದರೂ ಹುಡುಕಾಟದಲ್ಲಿ ಮೊದಲಿನಿಂದ ಕೊನೆಯವರೆಗೂ ಇದ್ದೆ. ಈ ಬರಹ ಅದಕ್ಕಾಗಿಯೇ. ಇಂಥ ಹುಡುಕಾಟಕ್ಕೆ ಸದ್ದು ಕೇಳುವವರಷ್ಟೇ ಕೇಳಿಸದವರೂ ಬೇಕು.

ನಮ್ಮದು ಹೊಸ ಕತೆಯೇನಲ್ಲ. 1970ರ ದಶಕದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಎಷ್ಟೋ ಜನ ಇಂಥದ್ದೇ ಸದ್ದಿನ ಬಗ್ಗೆ ದೂರು ಕೊಟ್ಟರು. 1990ರ ದಶಕದ ಶುರುವಿನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದ ಟಾವೋಸ್ ಅನ್ನೋ ಪುಟ್ಟ ಊರಿನವರ ಒತ್ತಾಯದ ಮೇಲೆ ವಿಶ್ವವಿದ್ಯಾಲಯ ಮತ್ತು ಸರ್ಕಾರಿ ಪ್ರಯೋಗಾಲಯಗಳ ವಿಜ್ಞಾನಿಗಳು ಬಂದರು. ಊರಿನವರನ್ನು ಕೇಳಿ ನೋಡಿದಾಗ ಸುಮಾರು ನೂರಕ್ಕೆ ಇಬ್ಬರಿಗೆ ಸದ್ದು ಕೇಳುತ್ತದೆ ಅನ್ನೋ ಅಂದಾಜು ಸಿಕ್ಕಿತು. ಒಬ್ಬೊಬ್ಬರು ಹೇಳಿದ ಸ್ವರ ಒಂದೊಂದು. ಯಂತ್ರಗಳಿಗೆ ಅಂಥ ಸದ್ದೇ ಸಿಗಲಿಲ್ಲ. ಅಲ್ಲಿಯ ಮೂಲ ಇವತ್ತಿಗೂ ಗೊತ್ತಾಗಿಲ್ಲ.

ಕ್ಯಾಲಿಫೋರ್ನಿಯಾದ ಸೌಸಲಿಟೊದಲ್ಲಿ ಮಾತ್ರ ಉತ್ತರ ಸಿಕ್ಕಿತು. 1980ರ ದಶಕದಲ್ಲಿ ಅಲ್ಲಿ ದೋಣಿಮನೆಗಳಲ್ಲಿ ಇದ್ದವರಿಗೆ ಬೇಸಿಗೆಯ ರಾತ್ರಿಗಳಲ್ಲಿ ನಿದ್ದೆ ಇರಲಿಲ್ಲ. ಚರಂಡಿ ನೀರಿನ ಪಂಪ್ ಇರಬಹುದು, ಸೇನೆಯ ಗುಟ್ಟಿನ ಪ್ರಯೋಗ ಇರಬಹುದು ಅಂತೆಲ್ಲ ಅನುಮಾನ ಪಟ್ಟರು. ಕೊನೆಗೆ ನೋಡಿದರೆ ಅದು ಮೀನು. ಮಿಡ್‌ಶಿಪ್‌ಮನ್ ಅನ್ನೋ ಜಾತಿಯ ಗಂಡು ಮೀನುಗಳು ಹೆಣ್ಣನ್ನು ಕರೆಯಲು ರಾತ್ರಿಯಿಡೀ ಗುಂಯ್‌ಗುಡುತ್ತವೆ. ದೋಣಿಯ ತಳ ಆ ಸದ್ದನ್ನು ಒಳಗೆ ತರುತ್ತಿತ್ತು. ಈ ಕತೆ ನನಗೆ ತುಂಬ ಇಷ್ಟ. ಅಲ್ಲಿಯ ಜನರಿಗೆ ಕೇಳಿದ್ದು ನಿಜ, ಅವರ ಊಹೆಗಳು ಮಾತ್ರ ತಪ್ಪು. ಇವೆರಡೂ ಬೇರೆ ಬೇರೆ ಅನ್ನೋದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಊಹೆ ವಿಚಿತ್ರವಾಗಿದೆ ಅನ್ನೋ ಒಂದೇ ಕಾರಣಕ್ಕೆ ಸದ್ದೇ ಸುಳ್ಳು ಅಂದುಬಿಡುತ್ತಾರೆ.

ಒಬ್ಬರಿಗೆ ಕೇಳಿ ಇನ್ನೊಬ್ಬರಿಗೆ ಕೇಳದೆ ಇರುವುದಕ್ಕೆ ಕಿವಿಯಲ್ಲೇ ಕಾರಣ ಇದೆ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಅಲೆ ಅನ್ನೋ ಲೆಕ್ಕ, ಅದು ಕಡಿಮೆಯಾದಷ್ಟೂ ಸ್ವರ ತಗ್ಗು. ಸಾಮಾನ್ಯ ಮಾತಿನ ಮಟ್ಟದ ಸದ್ದಿಗೆ, ಅಂದರೆ 1000 ಹರ್ಟ್ಸ್ ಆಸುಪಾಸಿಗೆ, ನಮ್ಮ ಕಿವಿ ಬಹಳ ಚುರುಕು. ಎರಡು-ಮೂರು ಡೆಸಿಬಲ್ ಜೋರಿದ್ದರೂ ಹಿಡಿಯುತ್ತದೆ. 50 ಹರ್ಟ್ಸ್‌ಗೆ ಇಳಿದರೆ ಸುಮಾರು 44 ಡೆಸಿಬಲ್ ಬೇಕು. 20 ಹರ್ಟ್ಸ್‌ಗೆ 78ರ ಹತ್ತಿರ ಬೇಕು. ಇದೆಲ್ಲ ಸರಾಸರಿ ಲೆಕ್ಕ. ಕೆಲವರ ಕಿವಿ ಇದಕ್ಕಿಂತ ಹತ್ತು ಡೆಸಿಬಲ್ ಕಡಿಮೆ ಇದ್ದರೂ ಕೇಳಿಸಿಕೊಳ್ಳುತ್ತದೆ. ಇಷ್ಟು ತಗ್ಗಿನ ಸದ್ದಿನ ಇನ್ನೊಂದು ಗುಣ ಎಂದರೆ, ಒಮ್ಮೆ ಕಿವಿಯ ಗೆರೆ ದಾಟಿದ ಮೇಲೆ ಅದು ಬಹಳ ಬೇಗ ಜೋರಾಗುತ್ತದೆ. ನಾಲ್ಕೈದು ಡೆಸಿಬಲ್ ಹೆಚ್ಚಾದರೆ ಸಾಕು, ಅದು ತಡೆಯಲಾಗದ ಕಾಟ. ಹಾಗಾಗಿ ಒಂದೇ ಹಾಸಿಗೆಯಲ್ಲಿ ಗಂಡ ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ, ಹೆಂಡತಿ ರಾತ್ರಿಯಿಡೀ ಒದ್ದಾಡುತ್ತಾಳೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನಮ್ಮ ಬೀದಿಯ ಮೇಷ್ಟ್ರು ರಿಟೈರ್ ಆದವರು. ಅವರಿಗೂ ಸದ್ದು ಕೇಳುತ್ತಿರಲಿಲ್ಲ. ಆದರೆ ಎಲ್ಲರನ್ನೂ ಒಂದು ಕಡೆ ಸೇರಿಸಿದ್ದು ಅವರೇ. ಮೊದಲ ದಿನವೇ ಎರಡು ಮಾತು ಹೇಳಿದರು. ಯಾರೂ ಯಾರ ಮೇಲೂ ದೂರು ಹೇಳಬಾರದು. ಮತ್ತೆ, ಯಾರೂ ಇನ್ನೊಬ್ಬರ ಜೊತೆ ತಮ್ಮ ಸದ್ದಿನ ವಿವರ ಮಾತಾಡಬಾರದು. ಎರಡನೆಯದು ಕೆಲವರಿಗೆ ಬೇಸರ ತಂದಿತು. ಇಷ್ಟು ದಿನ ಒಂಟಿಯಾಗಿ ಅನುಭವಿಸಿದ್ದು, ಈಗಲಾದರೂ ಹೇಳಿಕೊಳ್ಳೋಣ ಅಂದರೆ ಬಾಯಿ ಮುಚ್ಚಿ ಅಂತಾರಲ್ಲ ಅಂತ. ಆದರೆ ಮೇಷ್ಟ್ರ ಮಾತು ಸರಿಯಾಗಿತ್ತು. ಮಾತಾಡಿಕೊಂಡರೆ ಎಲ್ಲರ ಬರಹವೂ ಒಂದೇ ಆಗುತ್ತದೆ, ಆಮೇಲೆ ಅದಕ್ಕೆ ಬೆಲೆ ಇರುವುದಿಲ್ಲ.

ಪ್ರತಿಯೊಬ್ಬರಿಗೂ ಒಂದು ಹಾಳೆ. ತಾರೀಕು, ಗಂಟೆ, ಮನೆಯ ಯಾವ ಜಾಗ, ಜೋರು ಎಷ್ಟು (ಒಂದರಿಂದ ಐದು), ಒಂದೇ ಸಮ ಇದೆಯಾ ಅಥವಾ ಏರಿಳಿಯುತ್ತದಾ. ಕೇಳದ ರಾತ್ರಿಯನ್ನೂ ಬರೆಯಬೇಕು. ಇದನ್ನು ಜನ ಮರೆಯುತ್ತಾರೆ. ಕಾಟ ಕೊಟ್ಟ ರಾತ್ರಿ ಬರೆಯುತ್ತಾರೆ, ಚೆನ್ನಾಗಿ ಮಲಗಿದ ರಾತ್ರಿ ಬರೆಯುವುದಿಲ್ಲ. ಸುಳಿವು ಇರುವುದೇ ಆ ಖಾಲಿ ರಾತ್ರಿಗಳಲ್ಲಿ.

ಹಾಳೆಗಳು ತುಂಬುವ ಹೊತ್ತಿಗೆ ಮನೆ ಮನೆಯ ಪರೀಕ್ಷೆ ಶುರುವಾಯಿತು. ಇದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು. ಸದ್ದು ಕೇಳುತ್ತಿರುವಾಗಲೇ ಮೈನ್ ಸ್ವಿಚ್ ಆಫ್ ಮಾಡಬೇಕು. ಬ್ಯಾಟರಿ ಮೇಲೆ ಓಡುವುದನ್ನೂ ಆರಿಸಬೇಕು. ಒಂದು ಮನೆಯಲ್ಲಿ ಅಷ್ಟಕ್ಕೇ ಸದ್ದು ನಿಂತುಹೋಯಿತು. ಫ್ರಿಜ್ ಗೋಡೆಗೆ ಒರಗಿಕೊಂಡಿತ್ತು, ಅದರ ಕಂಪ್ರೆಸರ್‌ನ ನಡುಕ ಗೋಡೆಯ ಆ ಕಡೆಯ ಮಂಚಕ್ಕೆ ಹೋಗುತ್ತಿತ್ತು. ನಾಲ್ಕು ಬೆರಳು ಮುಂದಕ್ಕೆ ಎಳೆದರು, ಮುಗಿಯಿತು. ಉಳಿದವರ ಮನೆಯಲ್ಲಿ ಎಲ್ಲ ಆರಿದ ಮೇಲೂ ಸದ್ದು ಹಾಗೇ ಇತ್ತು. ಕತ್ತಲೆಯಲ್ಲಿ ಇನ್ನೂ ಜಾಸ್ತಿ ಆಯಿತು ಅಂದವರೂ ಇದ್ದರು. ಅದೂ ಸಹಜ. ಮನೆಯ ಸಣ್ಣಪುಟ್ಟ ಸದ್ದುಗಳೆಲ್ಲ ಹೋದರೆ ಅದರಡಿ ಮುಚ್ಚಿಹೋಗಿದ್ದದ್ದು ಮೇಲೆ ಬರುತ್ತದೆ. ಕಿಟಕಿ ಮುಚ್ಚಿದರೂ ಇದೇ ಪಾಡು. ಗೋಡೆ, ಗಾಜು ಎಲ್ಲ ಚೂಪು ಸದ್ದನ್ನು ಚೆನ್ನಾಗಿ ತಡೆಯುತ್ತವೆ, ತಗ್ಗಿನದ್ದನ್ನು ಒಳಗೆ ಬಿಡುತ್ತವೆ.

ಅಜ್ಜಿಯ ಕೋಣೆಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅವರಿಗೆ ಮಲಗಿದಾಗ ಸದ್ದು ಜೋರು. ಅದನ್ನು ಕೇಳಲು ಬಂದವರಿಗೆಲ್ಲ ಏನೂ ಇಲ್ಲ. ಮಗ, ಸೊಸೆ, ಡಾಕ್ಟರ್, ಎಲ್ಲರೂ ಬಂದು ಹೋಗಿದ್ದರು. ನಮ್ಮ ಬೀದಿಯ ಒಬ್ಬ ಹುಡುಗಿ ಸೌಂಡ್ ರೆಕಾರ್ಡಿಂಗ್ ಕೆಲಸ ಮಾಡುತ್ತಾಳೆ. ಅವಳು 20 ಹರ್ಟ್ಸ್‌ವರೆಗೂ ಹಿಡಿಯುವ ಮೈಕ್ ತಂದಳು. ಫೋನಿನ ಮೈಕ್ ಇದಕ್ಕೆ ಸಾಲದು, ಅದು ಮಾತಿಗಾಗಿ ಮಾಡಿದ್ದು, ತಳದ ಸದ್ದನ್ನು ಕತ್ತರಿಸಿಬಿಡುತ್ತದೆ. ಮೈಕನ್ನು ಕೋಣೆಯ ನಡುವೆ ಇಟ್ಟಳು. ಲ್ಯಾಪ್‌ಟಾಪ್‌ನಲ್ಲಿ 48 ಹರ್ಟ್ಸ್ ಹತ್ತಿರ ಒಂದು ಮಂಕು ಗೆರೆ. ಆಮೇಲೆ ಮೈಕನ್ನು ಎತ್ತಿ ಅಜ್ಜಿಯ ದಿಂಬಿನ ಮೇಲೆ, ಗೋಡೆಗೆ ಹತ್ತಿಸಿ ಇಟ್ಟಳು. ಗೆರೆ ನೋಡನೋಡುತ್ತಿದ್ದಂತೆ ದಪ್ಪಗಾಯಿತು.

ಕಾರಣ ಕೋಣೆಯ ಅಳತೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 48 ಹರ್ಟ್ಸ್ ಅಂದರೆ ಒಂದು ಅಲೆ ಏಳು ಮೀಟರಿಗಿಂತ ಸ್ವಲ್ಪ ಉದ್ದ. ಅದರ ಅರ್ಧ ಹೆಚ್ಚುಕಡಿಮೆ 12 ಅಡಿ. ಅಜ್ಜಿಯ ಕೋಣೆಯೂ 12 ಅಡಿ. ಎದುರುಬದುರು ಗೋಡೆಗಳ ನಡುವೆ ಅಲೆ ನಿಂತುಬಿಡುತ್ತದೆ. ಗೋಡೆಯ ಹತ್ತಿರ ಒತ್ತಡ ಜಾಸ್ತಿ, ನಡುವೆ ಕಡಿಮೆ. ನೋಡಲು ಬಂದವರೆಲ್ಲ ಎಲ್ಲಿ ನಿಲ್ಲುತ್ತಾರೆ? ಕೋಣೆಯ ನಡುವೆ, ಅಲ್ವಾ? ಅಜ್ಜಿಯ ತಲೆ ಇರುವುದು ಗೋಡೆಗೆ ತಾಗಿದ ದಿಂಬಿನ ಮೇಲೆ. ಅವರು ವರ್ಷಗಟ್ಟಲೆ ಮಲಗಿದ ಜಾಗದಲ್ಲಿ ಬೇರೆ ಯಾರೂ ಒಂದು ನಿಮಿಷ ಮಲಗಿ ನೋಡಿರಲಿಲ್ಲ.

ಅವತ್ತು ನಾನೂ ಆ ದಿಂಬಿನ ಮೇಲೆ ತಲೆ ಇಟ್ಟೆ. ನನಗೆ ಆಗಲೂ ಕೇಳಲಿಲ್ಲ. ಅಜ್ಜಿಯ ಸೊಸೆ ಇಟ್ಟರು. ಎದ್ದು ಕೂತು, "ಅತ್ತೆ, ಇದೆ" ಅಂದರು. ಆ ಮನೆಯಲ್ಲಿ ಅಂದಿಗೆ ಅರ್ಧ ಕಾಯಿಲೆ ವಾಸಿಯಾಯಿತು ಅಂತ ನಾನು ನಂಬಿದ್ದೇನೆ.

ಮಂಚವನ್ನು ನಡುವೆ ಎಳೆದಿದ್ದರಿಂದ ಸ್ವಲ್ಪ ಉಪಕಾರ ಆಯಿತು. ಆದರೆ ಸದ್ದು ಎಲ್ಲಿಂದ ಬರುತ್ತಿದೆ? ಕಿವಿಯಿಂದ ದಿಕ್ಕು ಹಿಡಿಯೋಣ ಅಂದರೆ ಆಗುವುದಿಲ್ಲ. ಎರಡು ಕಿವಿಗಳ ನಡುವೆ ಒಂದು ಗೇಣು ದೂರ, ಅಲೆ ಏಳು ಮೀಟರ್. ಎಲ್ಲ ಕಡೆಯಿಂದಲೂ ಬಂದ ಹಾಗೆ ಅನ್ನಿಸುತ್ತದೆ, ಕೆಲವರಿಗೆ ನೆಲದಿಂದ, ಕೆಲವರಿಗೆ ತಲೆಯೊಳಗಿಂದಲೇ. ಪಕ್ಕದವರ ಮೇಲೆ ವಿನಾಕಾರಣ ಅನುಮಾನ ಹುಟ್ಟುವುದೂ ಇಲ್ಲೇ. ದೂರು ಹೇಳಬಾರದು ಅಂತ ಮೇಷ್ಟ್ರು ಮೊದಲೇ ಕಟ್ಟು ಹಾಕಿದ್ದು ಇದಕ್ಕೇ.

ಡೆಸಿಬಲ್ ಮೀಟರ್ ಬಗ್ಗೆಯೂ ಹೇಳಿಬಿಡುತ್ತೇನೆ. ಅಧಿಕಾರಿಗಳು ಬಂದು ಮೀಟರ್ ಹಿಡಿದು, "30 ಡೆಸಿಬಲ್ ಅಷ್ಟೇ, ಇದು ಏನೂ ಅಲ್ಲ" ಅಂತ ಹೋಗುವುದು ಎಲ್ಲೆಡೆ ನಡೆಯುವ ಕತೆ. ಮೀಟರ್ ಸುಳ್ಳು ಹೇಳುವುದಿಲ್ಲ. ಅದರಲ್ಲಿ ಸಾಮಾನ್ಯವಾಗಿ ಇಟ್ಟಿರುವುದು ಎ ಅಳತೆ. ಆ ಅಳತೆ ತಗ್ಗಿನ ಸದ್ದನ್ನು ಬೇಕೆಂದೇ ಕಡಿಮೆ ಮಾಡಿ ತೋರಿಸುತ್ತದೆ. 50 ಹರ್ಟ್ಸ್‌ನಲ್ಲಿ 30 ಡೆಸಿಬಲ್ ಕಳೆಯುತ್ತದೆ, 20 ಹರ್ಟ್ಸ್‌ನಲ್ಲಿ 50. ಅಂದರೆ ಮೀಟರ್ 30 ಅಂತ ತೋರಿಸುವಾಗ ಕೋಣೆಯಲ್ಲಿ 50 ಹರ್ಟ್ಸ್‌ನ 60 ಡೆಸಿಬಲ್ ಇರಬಹುದು. ಕಿವಿಗೆ ಬೇಕಾದ್ದು 44. ತಗ್ಗಿನ ಸದ್ದನ್ನು ಅಷ್ಟಾಗಿ ಕಳೆಯದ ಸಿ ಅಳತೆಗೂ ಒಮ್ಮೆ ತಿರುಗಿಸಿ ನೋಡಿ ಅಂತ ಕೇಳಬೇಕು. ಎರಡರ ನಡುವೆ 15-20 ಡೆಸಿಬಲ್‌ಗಿಂತ ಜಾಸ್ತಿ ಅಂತರ ಇದ್ದರೆ ತಳದಲ್ಲಿ ಏನೋ ಇದೆ ಅಂತ ಅರ್ಥ. ಡೆನ್ಮಾರ್ಕ್‌ನಲ್ಲಿ ಮನೆಯೊಳಗೆ 10ರಿಂದ 160 ಹರ್ಟ್ಸ್‌ವರೆಗಿನ ಸದ್ದಿಗೆ ಬೇರೆಯೇ ಮಿತಿ ಇಟ್ಟಿದ್ದಾರೆ. ರಾತ್ರಿ ಹೊತ್ತು ಅದು ಎ ಅಳತೆಯಲ್ಲೇ 20 ಡೆಸಿಬಲ್. ಎಲ್ಲ ದೇಶಗಳಲ್ಲೂ ಇಂಥದ್ದೊಂದು ಬೇಕು. ಇಲ್ಲದಿದ್ದರೆ ಸದ್ದು ಕೇಳುವವರು ಯಾವತ್ತೂ ಮೀಟರಿನ ಮುಂದೆ ಸೋಲುತ್ತಲೇ ಇರುತ್ತಾರೆ.

ನಮಗೆ ದಾರಿ ತೋರಿಸಿದ್ದು ಹಾಳೆಗಳು. ಮೇಷ್ಟ್ರು ಎಲ್ಲವನ್ನೂ ಮೇಜಿನ ಮೇಲೆ ಹರಡಿ ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಹಾಕಿದರು. ಸೆಕೆ ಜಾಸ್ತಿ ಇದ್ದ ರಾತ್ರಿ ಹೆಚ್ಚಿನವರ ಹಾಳೆಯಲ್ಲಿ ನಾಲ್ಕು, ಐದು. ರಜೆಯ ಹಿಂದಿನ ರಾತ್ರಿಯಿಂದ ಖಾಲಿ. ಮೀನಿಗೆ ರಜೆ ಇರುವುದಿಲ್ಲ, ಭೂಮಿಗೂ ಇರುವುದಿಲ್ಲ. ಟ್ರಾನ್ಸ್‌ಫಾರ್ಮರ್ ಕೂಡ ಅಲ್ಲ. ಅದು ಕರೆಂಟಿನ ಎರಡರಷ್ಟು ಫ್ರೀಕ್ವೆನ್ಸಿಯಲ್ಲಿ ಮೊರೆಯುತ್ತದೆ, 50 ಹರ್ಟ್ಸ್ ಕರೆಂಟಾದರೆ 100, 60 ಆದರೆ 120. ನಮ್ಮದು 48. ರಜೆ ತೆಗೆದುಕೊಳ್ಳುವ, ಸೆಕೆಯಾದರೆ ಜಾಸ್ತಿ ಓಡುವ ಯಂತ್ರ ಅಂದರೆ ಯಾವುದೋ ದೊಡ್ಡ ಕಟ್ಟಡದ ಕೂಲಿಂಗ್ ಇರಬೇಕು.

ಇನ್ನೊಂದು ಸುಳಿವೂ ಇತ್ತು. ಬೇರೆ ಬೇರೆ ಮನೆಯವರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಸದ್ದು ಉಬ್ಬಿ ಇಳಿಯುತ್ತದೆ ಅಂತ ಬರೆದಿದ್ದರು. ರೆಕಾರ್ಡಿಂಗ್‌ನಲ್ಲಿ ಅಳೆದಾಗ ಎರಡೂವರೆ ಸೆಕೆಂಡಿಗೊಂದು ಉಬ್ಬು. ಒಂದೇ ಯಂತ್ರ ಹೀಗೆ ಮಾಡುವುದು ಅಪರೂಪ. ಹೆಚ್ಚುಕಡಿಮೆ ಒಂದೇ ವೇಗದ ಎರಡು ಯಂತ್ರ ಪಕ್ಕಪಕ್ಕ ಓಡಿದರೆ ಹೀಗಾಗುತ್ತದೆ. ಎರಡರ ಅಲೆಗಳು ಒಮ್ಮೆ ಕೂಡುತ್ತವೆ, ಒಮ್ಮೆ ಕಳೆಯುತ್ತವೆ.

ಹಿಂದಿನ ಬೀದಿಯ ಆಚೆ ಒಂದು ದೊಡ್ಡ ಕಚೇರಿ ಕಟ್ಟಡ. ಅದರ ತಾರಸಿಯ ಮೇಲೆ ಎರಡು ದೊಡ್ಡ ಫ್ಯಾನ್. ಮೇಷ್ಟ್ರು ಮತ್ತು ನಾನು ಹೋಗಿ ಅಲ್ಲಿಯ ಮ್ಯಾನೇಜರನ್ನು ಕಂಡೆವು. ದೂರು ಅಂತ ಹೇಳಲಿಲ್ಲ, ಸಹಾಯ ಬೇಕು ಅಂದೆವು. ಹಾಳೆಗಳನ್ನು ತೋರಿಸಿದೆವು. ಅವರು ತಾರಸಿಗೆ ಕರೆದುಕೊಂಡು ಹೋದರು. ಫ್ಯಾನಿಗೆ ನಾಲ್ಕು ರೆಕ್ಕೆ. ಒಂದರ ವೇಗ ನಿಮಿಷಕ್ಕೆ 720 ಸುತ್ತು, ಅಂದರೆ ಸೆಕೆಂಡಿಗೆ 12. ಹನ್ನೆರಡು ನಾಲ್ಕಲಿ 48. ಇನ್ನೊಂದು 726. ಎರಡರ ನಡುವಿನ ವ್ಯತ್ಯಾಸವನ್ನು ರೆಕ್ಕೆಯ ಲೆಕ್ಕಕ್ಕೆ ತಂದರೆ ಸರಿಯಾಗಿ ಎರಡೂವರೆ ಸೆಕೆಂಡಿಗೊಂದು ಉಬ್ಬು.

ಲೆಕ್ಕ ಸರಿಹೋದರೂ ಅದು ಇನ್ನೂ ಪುರಾವೆ ಅಲ್ಲ. ಫ್ಯಾನನ್ನು ನಿಲ್ಲಿಸಿ ನೋಡಬೇಕು. ಇಲ್ಲಿ ಕೇಳಿಸದವರ ಕೆಲಸ ಬಂತು. ಒಂದು ರಾತ್ರಿ ಸದ್ದು ಕೇಳುವವರೆಲ್ಲ ತಮ್ಮ ತಮ್ಮ ಹಾಸಿಗೆಯಲ್ಲಿ ಗಡಿಯಾರ ಮತ್ತು ಹಾಳೆ ಹಿಡಿದು ಮಲಗಿದರು. ಪ್ರತಿಯೊಬ್ಬರ ಪಕ್ಕ ಕೇಳಿಸದ ಒಬ್ಬರು. ಫ್ಯಾನ್ ಯಾವಾಗ ನಿಲ್ಲುತ್ತದೆ ಅಂತ ಪಕ್ಕದಲ್ಲಿ ಕೂತವರಿಗೂ ಗೊತ್ತಿಲ್ಲ. ಗೊತ್ತಿದ್ದರೆ ಮುಖದಲ್ಲೇ ಕಂಡುಬಿಡುತ್ತದೆ. ಸ್ವಿಚ್ ಹತ್ತಿರ ಮ್ಯಾನೇಜರ್ ಮತ್ತು ನಾನು. ಒಮ್ಮೆ ಒಂದು ಫ್ಯಾನ್, ಒಮ್ಮೆ ಎರಡೂ. ನಡುನಡುವೆ "ಈಗ ಗಮನ ಕೊಟ್ಟು ಕೇಳಿ" ಅಂತ ಎಲ್ಲರಿಗೂ ಸಂದೇಶ ಕಳಿಸಿ ಏನೂ ನಿಲ್ಲಿಸದೆ ಬಿಟ್ಟೆವು. ಬೆಳಿಗ್ಗೆ ಹಾಳೆಗಳನ್ನು ಸೇರಿಸಿ ನೋಡಿದಾಗ ಅಜ್ಜಿಯ ಹಾಳೆ ಸ್ವಿಚ್ಚಿನ ಪಟ್ಟಿಗೆ ಪೂರ್ತಿ ತಾಳೆಯಾಯಿತು. ಒಂದು ಫ್ಯಾನ್ ನಿಂತಾಗ "ಉಬ್ಬು ಹೋಯಿತು, ಸದ್ದು ಇದೆ" ಅಂತ ಬರೆದಿದ್ದರು. ಮ್ಯಾನೇಜರ್ ಆ ಸಾಲನ್ನು ಓದಿ ಸುಮ್ಮನೆ ಕೂತರು. ತಾರಸಿಯ ಯಂತ್ರದ ಬಗ್ಗೆ ಅವರಿಗೆ ಗೊತ್ತಿಲ್ಲದ್ದನ್ನು ಅಜ್ಜಿ ಹಾಸಿಗೆಯಲ್ಲಿ ಮಲಗಿ ಹೇಳಿದ್ದರು.

ರಿಪೇರಿ ಬೇಗ ಆಯಿತು. ಫ್ಯಾನಿನ ಕಾಲಡಿಯ ರಬ್ಬರ್ ಪ್ಯಾಡ್ ಒಣಗಿ ಕಲ್ಲಾಗಿತ್ತು, ಬದಲಿಸಿದರು. ರಾತ್ರಿ ಹೊತ್ತು ವೇಗ ಇಳಿಸಲು ಒಪ್ಪಿದರು. ಫ್ಯಾನಿನ ವೇಗ ನೂರಕ್ಕೆ ಇಪ್ಪತ್ತು ಇಳಿಸಿದರೆ ಸದ್ದು ಸುಮಾರು ಐದು ಡೆಸಿಬಲ್ ಇಳಿಯುತ್ತದೆ, ಕರೆಂಟು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಕರೆಂಟಿನ ಲೆಕ್ಕ ಅವರಿಗೂ ಹಿಡಿಸಿತು.

ನಮಗೆ ಅದೃಷ್ಟ ಇತ್ತು. ಕೆನಡಾದ ವಿಂಡ್ಸರ್ ನಗರದವರು 2011ರಿಂದ ಇಂಥ ಸದ್ದಿನಲ್ಲಿ ಬದುಕಿದರು. ನದಿಯ ಆಚೆ ದಡ ಅಮೆರಿಕ. ಅಲ್ಲಿಯ ಜಗ್ ದ್ವೀಪದಲ್ಲಿ ಉಕ್ಕಿನ ಕುಲುಮೆಗಳಿದ್ದವು. ಮೂಲ ಅಲ್ಲೇ ಇರಬೇಕು ಅಂತ 2014ರಲ್ಲಿ ಅಧ್ಯಯನದ ವರದಿ ಬಂತು. ಆದರೆ ಗಡಿ ದಾಟಿ ಸ್ವಿಚ್ ಮುಟ್ಟುವವರು ಯಾರು? 2020ರಲ್ಲಿ ಕುಲುಮೆಗಳು ನಿಂತವು. ಸದ್ದೂ ನಿಂತಿತು. ಅಷ್ಟು ವರ್ಷ ಅಲ್ಲಿಯ ಜನ ಕಾದರು.

ಇನ್ನು ಮೂಲೆ ಮನೆಯವರ ವಿಷಯ. ಅವರ ಹಾಳೆಯಲ್ಲಿ ರಜೆಯ ರಾತ್ರಿಗಳೂ ಖಾಲಿ ಇರಲಿಲ್ಲ. ಸ್ವಿಚ್ ಪರೀಕ್ಷೆಯಲ್ಲಿ ಎರಡೂ ಫ್ಯಾನ್ ನಿಂತಾಗಲೂ "ಇದೆ" ಅಂತಲೇ ಬರೆದಿದ್ದರು. ನಿಜವನ್ನೇ ಬರೆದಿದ್ದರು. ರಿಪೇರಿ ಆದ ಮೇಲೂ ಅವರಿಗೆ ಸದ್ದು ಹೋಗಲಿಲ್ಲ. ಅಮೆರಿಕದ ಕೊಕೊಮೊ ಊರಿನಲ್ಲೂ ಹೀಗೇ ಆಗಿತ್ತು. ಅಲ್ಲಿ ನಗರದವರು ದುಡ್ಡು ಹಾಕಿ ತಜ್ಞರನ್ನು ಕರೆಸಿದರು. 2003ರಲ್ಲಿ ಎರಡು ಮೂಲ ಸಿಕ್ಕವು, ಒಂದು ಕೂಲಿಂಗ್ ಟವರ್ ಫ್ಯಾನ್, 36 ಹರ್ಟ್ಸ್, ಇನ್ನೊಂದು ಏರ್ ಕಂಪ್ರೆಸರ್, 10 ಹರ್ಟ್ಸ್. ಎರಡನ್ನೂ ಸರಿಪಡಿಸಿದರು. ಆಮೇಲೂ ಕೆಲವರಿಗೆ ಸದ್ದು ಕೇಳುತ್ತಲೇ ಇತ್ತು.

ಬೇರೆಯವರ ತೊಂದರೆ ಬಗೆಹರಿದ ಕೂಡಲೇ ಉಳಿದವರನ್ನು ಕೈಬಿಡುವುದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯ. ಮೂಲೆ ಮನೆಯವರನ್ನು ನಾವು ದೂರದ, ಯಂತ್ರಗಳೇ ಇಲ್ಲದ ಬಯಲಿಗೆ ಕರೆದುಕೊಂಡು ಹೋದೆವು. ಹುಡುಗಿ ಮೈಕ್ ಇಟ್ಟಳು. ಗೆರೆ ಇಲ್ಲ. ಅವರಿಗೆ ಸದ್ದು ಇದೆ, ಅದೇ ಸ್ವರ, ಅಷ್ಟೇ ಜೋರು. ಅವರೇ ನಿಧಾನವಾಗಿ, "ಹಾಗಾದ್ರೆ ಇದು ನನ್ನ ಕಿವಿಯೊಳಗಿಂದೇ ಇರಬೇಕು" ಅಂದರು. ಕಿವಿಯ ತಜ್ಞರು ಟಿನ್ನಿಟಸ್ ಅಂದರು, ಹೊರಗೆ ಸದ್ದಿಲ್ಲದಿದ್ದರೂ ಕೇಳುವ ಸದ್ದು. ಅದು ತಗ್ಗಿನ ಸ್ವರದಲ್ಲೂ ಬರುತ್ತದೆ. ಅದು ಭ್ರಮೆ ಅಲ್ಲ, ಸೋಗು ಅಲ್ಲ. ಕೇಳುವಿಕೆಯ ಒಂದು ತೊಂದರೆ, ಅದರ ಜೊತೆ ಬದುಕಲು ಕಲಿಸುವ ಚಿಕಿತ್ಸೆ ಇದೆ. ಅವರು ಈಗ ರಾತ್ರಿ ಮಳೆಯ ಸದ್ದು ಸಣ್ಣಗೆ ಹಾಕಿಕೊಂಡು ಮಲಗುತ್ತಾರೆ. ಕೆಲವು ರಾತ್ರಿ ನಿದ್ದೆ ಬರುತ್ತದೆ, ಕೆಲವು ರಾತ್ರಿ ಇಲ್ಲ. "ನನ್ನನ್ನ ಯಾರೂ ಮಧ್ಯದಲ್ಲಿ ಬಿಡಲಿಲ್ಲ" ಅಂತ ಅವರು ಮೇಷ್ಟ್ರ ಹತ್ತಿರ ಹೇಳಿದರಂತೆ.

ಈಚೆಗೆ ಬೇರೆ ಬಡಾವಣೆಯವರು ಬಂದು ನಮ್ಮ ಹಾಳೆಯ ನಮೂನೆ ಕೇಳಿದರು. ಅವರಲ್ಲೂ ಇಂಥದ್ದೇ ಗುಂಯ್, ಇಂಥದ್ದೇ ಮನಸ್ತಾಪ. ಮೇಷ್ಟ್ರು ಹಳೆಯ ಕಾಲಂಗಳ ಜೊತೆ ಎರಡು ಹೊಸದನ್ನು ಸೇರಿಸಿ ಕೊಟ್ಟರು. ತಲೆ ಗೋಡೆಯಿಂದ ಎಷ್ಟು ದೂರ ಇತ್ತು ಅನ್ನೋದು ಒಂದು. ಇನ್ನೊಂದು, ಆಗ ಜೊತೆಯಲ್ಲಿದ್ದ ಕೇಳಿಸದವರು ಯಾರು ಅನ್ನೋದು.